ಮಧುಚಂದ್ರದ ಪ್ರವಾಸದಲ್ಲಿ ಸಾಲ್ಮನ್ ಮೀನಿಗೆ ಗಾಳ: ಹೊರಡುವುದು ಆಟಿ ಕಳೆದ ಮೇಲೆ

ಪ್ರಶ್ನೆ: ನಾನು ಉಡುಪಿಯವನು. ಬರುವ ಮೇ ತಿಂಗಳ ಮೂರನೆಯ ವಾರ ನನ್ನ ಮದುವೆ. ಚಿಕ್ಕಂದಿನಿಂದ ಕೋಡಿಬೆಂಗ್ರೆಯ ಅಳಿವೆಯಲ್ಲಿ ಗಾಳ ಹಾಕಿ ಅಭ್ಯಾಸವಿದೆ, ಸಾಲ್ಮನ್ ಹಿಡಿಯಬೇಕೆಂಬುದು ಬಹುಕಾಲದ ಆಸೆ. ಮದುವೆಯಾದ ವಾರದಲ್ಲೇ ಎರಡು ವಾರದ ರಜೆ ಹಾಕಿ ಅಲಾಸ್ಕಾಕ್ಕೆ ಹೋಗಿ, ಅದರಲ್ಲಿ ಎಂಟು ದಿನ ಕೀನಾಯ್ ನದಿಯಲ್ಲಿ ದೊಡ್ಡ ಕಿಂಗ್ ಸಾಲ್ಮನ್‌ಗಾಗಿ ಕಳೆಯುವ ಯೋಚನೆಯಿದೆ. ನನ್ನ ಕೈಹಿಡಿಯುವವರು ಮಂಗಳೂರಿನವರು. ಗಾಳ ಹಿಡಿದವರಲ್ಲ, ಆದರೆ ಬೇಡವೆಂದೂ ಹೇಳಿಲ್ಲ. ಈ ಯೋಜನೆ ಸರಿಯೇ? ಸ್ಕಾಟ್ಲೆಂಡ್ ಇದಕ್ಕಿಂತ ಉತ್ತಮವೇ? ಹಿಡಿದ ಮೀನನ್ನು ಊರಿಗೆ ತರಬಹುದೇ?

ಉತ್ತರ: ನೀವು ಆರಿಸಿಕೊಂಡ ಪ್ರದೇಶ ಸರಿಯಾಗಿದೆ. ಆದರೆ ತಿಂಗಳು, ಮೀನಿನ ಜಾತಿ ಮತ್ತು ಗಾಳಕ್ಕೆ ಮೀಸಲಿಟ್ಟ ದಿನಗಳು, ಈ ಮೂರನ್ನೂ ಬದಲಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮದುವೆಯ ದಿನವನ್ನು ನಾವು ಪಂಚಾಂಗ ನೋಡಿ ನಿಶ್ಚಯಿಸುತ್ತೇವೆ. ಸಾಲ್ಮನ್ ಮೀನಿಗೂ ಅದರದೇ ಆದ ಪಂಚಾಂಗವಿದೆ, ಮತ್ತು ಅದು ಯಾರ ರಜೆಗಾಗಿಯೂ ಹಿಂದುಮುಂದಾಗುವುದಿಲ್ಲ. ನದಿಯ ಜಲ್ಲಿಗಲ್ಲುಗಳ ನಡುವೆ ಹುಟ್ಟಿ, ಕಡಲಿಗೆ ಇಳಿದು ಬೆಳೆದು, ಮೊಟ್ಟೆಯಿಡುವುದಕ್ಕೆಂದು ತಾನು ಹುಟ್ಟಿದ ನೀರಿಗೇ ಮರಳುವ ಮೀನು ಅದು. ಒಂದೊಂದು ಜಾತಿ ಒಂದೊಂದು ನದಿಗೆ ವರ್ಷದ ಕೆಲವೇ ವಾರ ಗುಂಪುಗುಂಪಾಗಿ ಏರುತ್ತದೆ. ಆ ವಾರಗಳು ತಪ್ಪಿದರೆ ಎಷ್ಟೇ ಹಣ ತೆತ್ತು, ಎಷ್ಟೇ ಪಳಗಿದ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡರೂ ಬರಿಗೈಯಲ್ಲಿ ಬರಬೇಕಾಗುತ್ತದೆ.

ಮೊದಲು ಕಿಂಗ್ ಸಾಲ್ಮನ್‌ನ ವಿಚಾರವನ್ನು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಇಡೀ ಯೋಜನೆ ಅದರ ಮೇಲೆ ನಿಂತಿದೆ. ಗಾಳದಲ್ಲಿ ಹಿಡಿದ ಕಿಂಗ್ ಸಾಲ್ಮನ್‌ಗಳಲ್ಲಿ ವಿಶ್ವದಾಖಲೆಯ ಮೀನು ಸಿಕ್ಕಿದ್ದು ಕೀನಾಯ್ ನದಿಯಲ್ಲೇ, 1985ರ ಮೇ ತಿಂಗಳಲ್ಲಿ. ಅದರ ತೂಕ 97 ಪೌಂಡ್ 4 ಔನ್ಸ್, ಅಂದರೆ ಸುಮಾರು 44 ಕಿಲೋ. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಆ ಕಾಲದ ಕೀನಾಯ್. ಇಂದು ಅಲ್ಲಿನ ಸ್ಥಿತಿ ಬೇರೆಯಾಗಿದೆ. ಮರಳಿ ಬರುವ ಕಿಂಗ್ ಮೀನುಗಳ ಸಂಖ್ಯೆ ತೀರ ಕುಸಿದು, ಇತ್ತೀಚಿನ ವರ್ಷಗಳಲ್ಲಿ ಆ ನದಿಯಲ್ಲಿ ಅದನ್ನು ಹಿಡಿಯುವುದನ್ನೇ ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆ ನಿಲ್ಲಿಸುತ್ತ ಬಂದಿದೆ. ಇನ್ನೂ ಉತ್ತರದ ಯೂಕಾನ್ ನದಿಯಲ್ಲಂತೂ ಅಲಾಸ್ಕಾ ಮತ್ತು ಕೆನಡಾ 2024ರಲ್ಲಿ ಒಪ್ಪಂದ ಮಾಡಿಕೊಂಡು, ಕಿಂಗ್ ಸಾಲ್ಮನ್ ಹಿಡಿಯುವುದನ್ನು ಏಳು ವರ್ಷ ತಡೆಹಿಡಿದಿವೆ. ತಲೆಮಾರುಗಳಿಂದ ಆ ಮೀನನ್ನೇ ನಂಬಿ ಬದುಕಿದ ಮೂಲನಿವಾಸಿ ಕುಟುಂಬಗಳು ಬಲೆ ಮಡಚಿಟ್ಟಿರುವಾಗ, ಸಾವಿರಾರು ಮೈಲಿ ದೂರದಿಂದ ಹೋಗುವ ನಾವು ಅದನ್ನೇ ಗುರಿಯಾಗಿಸಿಕೊಳ್ಳುವುದು ಸರಿಯಲ್ಲ. ಜೂನ್, ಜುಲೈಗಳಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ಮಲ್ಪೆ ಬಂದರಿನಲ್ಲೂ ಮಂಗಳೂರಿನ ದಕ್ಕೆಯಲ್ಲೂ ಲಂಗರು ಹಾಕಿ ನಿಲ್ಲುವುದನ್ನು ಕಂಡು ಬೆಳೆದ ನಿಮಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಿಂಗ್ ಬಿಟ್ಟರೆ ಅಲಾಸ್ಕಾದಲ್ಲಿ ಇನ್ನೂ ನಾಲ್ಕು ಜಾತಿಯ ಸಾಲ್ಮನ್‌ಗಳಿವೆ: ಸಾಕೈ, ಕೋಹೊ, ಪಿಂಕ್ ಮತ್ತು ಚಮ್. ಮೇ ಕೊನೆಯ ವಾರದಲ್ಲಿ ಕೀನಾಯ್ ಭಾಗದಲ್ಲಿ ಇವುಗಳಲ್ಲಿ ಯಾವುದರ ಸುಗ್ಗಿಯೂ ಇರುವುದಿಲ್ಲ. ಸಾಕೈ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಗುಂಪು ಜೂನ್‌ನಲ್ಲಿ, ಎರಡನೆಯ ಮತ್ತು ದೊಡ್ಡ ಗುಂಪು ಜುಲೈ ಮಧ್ಯದಿಂದ ಆಗಸ್ಟ್ ಮೊದಲ ದಿನಗಳವರೆಗೆ. ರುಚಿಯಲ್ಲಿ ಸಾಕೈಯನ್ನು ಮೀರಿಸುವ ಮೀನು ಕಡಿಮೆ. ಆದರೂ ನಿಮ್ಮಿಬ್ಬರಿಗೆ ನಾನು ಅದನ್ನು ಸೂಚಿಸುವುದಿಲ್ಲ. ನದಿ ಸೇರಿದ ಸಾಲ್ಮನ್ ಆಹಾರ ಬಿಡುತ್ತದೆ. ಅದರಲ್ಲೂ ಕಡಲಿನಲ್ಲಿ ಮುಖ್ಯವಾಗಿ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು ಸೋಸಿ ತಿಂದು ಬೆಳೆದ ಸಾಕೈ ಗಾಳಕ್ಕೆ ತಾನಾಗಿ ಬಾಯಿ ಹಾಕುವುದು ಅಪರೂಪ. ಆದ್ದರಿಂದ ಹರಿವಿನಲ್ಲಿ ದಾರವನ್ನು ತೇಲಿಬಿಟ್ಟು, ಅದು ಮೀನಿನ ತೆರೆದ ಬಾಯಿಯ ನಡುವೆ ಹಾದುಹೋಗುವಾಗ ಗಾಳ ಸಿಕ್ಕುವಂತೆ ಎಳೆಯುವುದು ಅಲ್ಲಿನ ರೂಢಿ. ಅದಕ್ಕೆ ಮೊಣಕಾಲುದ್ದದ ತಣ್ಣೀರಿನಲ್ಲಿ, ಅಪರಿಚಿತರ ಸಾಲಿನಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಂತು, ಒಂದೇ ಚಲನೆಯನ್ನು ಗಂಟೆಗಟ್ಟಲೆ ಮಾಡುತ್ತಿರಬೇಕು. ಮೊದಲ ಬಾರಿ ಗಾಳ ಹಿಡಿಯುವ ನವವಧುವಿಗೆ ಇದು ತಕ್ಕ ಆರಂಭವೆಂದು ನನಗೆ ತೋರುವುದಿಲ್ಲ.

ಕೋಹೊ ಇದಕ್ಕೆ ವಿರುದ್ಧ ಸ್ವಭಾವದ್ದು, ನನ್ನ ಆಯ್ಕೆಯೂ ಅದೇ. ಬೆಳ್ಳಿಯ ಮೈಬಣ್ಣದಿಂದಾಗಿ ಅಲ್ಲಿನವರು ಅದನ್ನು ಸಿಲ್ವರ್ ಎಂದೇ ಕರೆಯುತ್ತಾರೆ. ಸಾಮಾನ್ಯವಾಗಿ ಮೂರೂವರೆಯಿಂದ ಐದೂವರೆ ಕಿಲೋ ತೂಗುತ್ತದೆ. ಹೊಸಬರ ಕೈಗೆ ಹಿಡಿತಕ್ಕೆ ಸಿಗುವಷ್ಟು ಚಿಕ್ಕದು, ಜೀವಮಾನವಿಡೀ ನೆನಪಿನಲ್ಲಿ ಉಳಿಯುವಷ್ಟು ದೊಡ್ಡದು. ಮಿನುಗುವ ಕೃತಕ ಎರೆಯನ್ನೂ ಹೆರಿಂಗ್ ಮೀನಿನ ತುಂಡನ್ನೂ ಅದು ಮುನ್ನುಗ್ಗಿ ಕಚ್ಚುತ್ತದೆ. ಹೆರಿಂಗ್ ನಮ್ಮ ಬೂತಾಯಿಗೆ ತೀರ ಹತ್ತಿರದ ಬಳಗದ ಮೀನಾದ್ದರಿಂದ ಎರೆ ಸಿಕ್ಕಿಸುವ ಕೆಲಸ ನಿಮ್ಮ ಕೈಗೆ ಹೊಸದೆನಿಸದು. ಗಾಳ ತಾಗಿದೊಡನೆ ನೀರಿನಿಂದ ಮೇಲಕ್ಕೆ ಚಿಮ್ಮುವುದು, ದೋಣಿಯ ಕೆಳಗೆ ನುಗ್ಗುವುದು, ಸೋತಂತೆ ಬಂದು ಮತ್ತೆ ಓಡುವುದು ಅದರ ಅಭ್ಯಾಸ. ನಮ್ಮ ಕೆಂಬೇರಿ ಮೀನು ಕಚ್ಚಿದಾಗ ಬಂಡೆಯೊಳಗೆ ಹೊಗದಂತೆ ಗಟ್ಟಿಯಾಗಿ ಎಳೆದು ರೂಢಿಯಾಗಿರುವ ನೀವು ಇಲ್ಲಿ ಕೈಯನ್ನು ಸಡಿಲಿಸಲು ಕಲಿಯಬೇಕು. ರೀಲಿನ ಬಿಗಿಯನ್ನು ಮಿತವಾಗಿಟ್ಟು, ಮೀನು ಓಡುವಾಗ ದಾರ ಬಿಟ್ಟುಕೊಟ್ಟು, ತಿರುಗಿದಾಗ ಮಾತ್ರ ಸುತ್ತಿಕೊಳ್ಳಬೇಕು. ದಾರ ಮಾತ್ರ ಯಾವ ಕ್ಷಣದಲ್ಲೂ ಜೋಲಬಾರದು.

ಕೋಹೊ ಹಿಡಿಯಲು ನಾನು ಸೂಚಿಸುವ ಸ್ಥಳ ಸೀವರ್ಡ್ ಎಂಬ ಪುಟ್ಟ ಬಂದರು ಪಟ್ಟಣ ಮತ್ತು ಅದರೆದುರಿನ ರೆಸರೆಕ್ಷನ್ ಕೊಲ್ಲಿ. ಅಲ್ಲಿ ಕೋಹೊ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಿಗುತ್ತದೆ, ಆಗಸ್ಟ್‌ನಲ್ಲಿ ಹೇರಳ. ಪಟ್ಟಣದಲ್ಲಿ ಆ ಮೀನಿನ ಹೆಸರಿನಲ್ಲೇ ಪ್ರತಿ ಆಗಸ್ಟ್‌ನಲ್ಲಿ ಹಳೆಯದೊಂದು ಸ್ಪರ್ಧೆ ನಡೆಯುತ್ತದೆ. ಕಡಲಿನಲ್ಲಿ ಹಿಡಿದ ಕೋಹೊ ಇನ್ನೂ ಉಣ್ಣುತ್ತಿರುವ, ಕೊಬ್ಬು ತುಂಬಿದ ಮೀನು. ನದಿ ಏರಿದಂತೆಲ್ಲ ಅದರ ಮೈ ಕೆಂಪಾಗುತ್ತದೆ, ಮಾಂಸದ ಸತ್ವವೂ ಇಳಿಯುತ್ತದೆ. ಕೀನಾಯ್ ನದಿಯನ್ನು ಪೂರ್ತಿ ಕೈಬಿಡಬೇಕಾಗಿಯೂ ಇಲ್ಲ. ಸೀವರ್ಡ್‌ನಿಂದ ರಸ್ತೆಯಲ್ಲಿ ಸುಮಾರು ಒಂದು ಗಂಟೆ ದೂರದ ಕೂಪರ್ ಲ್ಯಾಂಡಿಂಗ್‌ನಲ್ಲಿ ಆ ನದಿಯ ಮೇಲ್ಭಾಗ ಸಿಗುತ್ತದೆ. ಹಿಮನದಿಯ ನುಣುಪು ಹುಡಿ ಬೆರೆತು ಹಸಿರು ನೀಲಿಯಾಗಿ ಹರಿಯುವ ಆ ನೀರಿನಲ್ಲಿ, ಎಂಜಿನ್ ಇಲ್ಲದೆ ಹುಟ್ಟುಹಾಕಿ ನಡೆಸುವ ದೋಣಿಯಲ್ಲಿ ಒಂದು ದಿನ ತೇಲುತ್ತ ಗಾಳ ಹಾಕುವುದು ನೀವಿಬ್ಬರೂ ಮಾಡಲೇಬೇಕಾದ ಪ್ರಯಾಣ. ನೀವು ಹೋಗುವುದು ಸಮಸಂಖ್ಯೆಯ ವರ್ಷವಾದರೆ ಪಿಂಕ್ ಸಾಲ್ಮನ್ ಕೂಡ ಅದೇ ಆಗಸ್ಟ್‌ನಲ್ಲಿ ಕೀನಾಯ್‌ಗೆ ದಂಡಿಯಾಗಿ ಏರುತ್ತದೆ. ಅದರ ಜೀವನಚಕ್ರ ಸರಿಯಾಗಿ ಎರಡು ವರ್ಷದ್ದು, ಆದ್ದರಿಂದ ಅಲ್ಲಿ ಒಂದು ವರ್ಷ ತುಂಬಿ ಬಂದು ಮರುವರ್ಷ ಕಾಣೆಯಾಗುತ್ತದೆ. ಎರಡು ಕಿಲೋದೊಳಗಿನ ಈ ಮೀನು ಕಲಿಯುವವರಿಗೆ ಒಳ್ಳೆಯ ಗುರು.

ಇನ್ನು ತಿಂಗಳಿನ ವಿಚಾರ. ಮದುವೆ ಮುಗಿಸಿ ಮೇ ಕೊನೆಯಲ್ಲಿ ಹೊರಡುವ ಬದಲು, ಆಗ ಎರಡು ಮೂರು ದಿನ ಕೊಡಗಿಗೋ ಚಿಕ್ಕಮಗಳೂರಿಗೋ ಹೋಗಿಬನ್ನಿ. ದೊಡ್ಡ ಪ್ರವಾಸವನ್ನು ಸೋಣ ಸಂಕ್ರಮಣ ಕಳೆದ ಮೇಲೆ, ಅಂದರೆ ಆಗಸ್ಟ್ 17ರ ನಂತರ ಇಟ್ಟುಕೊಳ್ಳಿ. ಹೀಗೆ ಹೇಳುವುದಕ್ಕೆ ಮೀನು ಒಂದು ಕಾರಣವಾದರೆ ಮನೆ ಇನ್ನೊಂದು. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಸೋಣ ಸಂಕ್ರಮಣದವರೆಗಿನ ತುಳು ತಿಂಗಳಿನಲ್ಲಿ, ತವರಿಗೆ ಹೋಗಿ ಕೂರುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಸಾಕೈಯ ಸುಗ್ಗಿಯ ಬಹುಪಾಲು ಆಟಿಯಲ್ಲೇ ಬೀಳುತ್ತದೆ. ಕೋಹೊವಾದರೆ ಆಟಿ ಮುಗಿದ ಮೇಲೂ ಕಾಯುತ್ತದೆ. ಅಷ್ಟಮಿಯೂ ಚೌತಿಯೂ ಆ ವರ್ಷ ಯಾವ ದಿನ ಬರುತ್ತವೆಂದು ನೋಡಿ, ಎರಡೂ ಕಡೆಯ ಹಿರಿಯರೊಂದಿಗೆ ಮಾತಾಡಿ ದಿನ ಗೊತ್ತುಮಾಡಿ. ಹೊಸ ಸೊಸೆಯ ಮೊದಲ ಚೌತಿಗೆ ಮನೆಯಲ್ಲಿರಬೇಕೆಂದು ಅತ್ತೆ ಬಯಸಿದರೆ ಅದಕ್ಕೆ ಜಾಗ ಬಿಟ್ಟು ಟಿಕೆಟ್ ಮಾಡಿಸುವುದೇ ವಿವೇಕ. ಆಗಸ್ಟ್ ಕೊನೆಯಲ್ಲಿ ಇನ್ನೊಂದು ಲಾಭವೂ ಇದೆ. ಬೇಸಿಗೆಯ ನಡುವೆ ಅಲ್ಲಿ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ. ಆಗಸ್ಟ್ ಕೊನೆಗೆ ಹಗಲು ಹದಿನಾಲ್ಕು ಗಂಟೆಗೂ ಹೆಚ್ಚು ಇದ್ದರೂ ರಾತ್ರಿಗೆ ಕತ್ತಲು ಮರಳಿರುತ್ತದೆ. ಮೋಡವಿಲ್ಲದ ರಾತ್ರಿ ಸಿಕ್ಕಿದರೆ ಧ್ರುವಪ್ರಭೆ ಕಾಣುವ ಸಾಧ್ಯತೆ ಉಂಟು.

ಈಗ ನಿಮ್ಮ ಎಂಟು ದಿನಗಳ ಲೆಕ್ಕಕ್ಕೆ ಬರುತ್ತೇನೆ. ಈ ಉತ್ತರದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬಯಸುವುದು ಇದನ್ನೇ. ‘ಬೇಡವೆಂದಿಲ್ಲ’ ಎಂಬುದು ಒಪ್ಪಿಗೆಯಲ್ಲ. ಮದುವೆ ನಿಶ್ಚಯವಾಗಿರುವ ಹೊತ್ತಿನಲ್ಲಿ, ವರನ ಬಹುಕಾಲದ ಆಸೆಯ ಎದುರು ನಮ್ಮೂರಿನ ಹೆಣ್ಣುಮಗಳೊಬ್ಬಳು ಬೇಡವೆಂದು ಹೇಳುವುದು ಕಷ್ಟ. ಆದ್ದರಿಂದ ನೀವೇ ಕುಳಿತು ಕೇಳಿ: ಗಾಳ ಹಾಕುವುದು ಇಷ್ಟವೇ, ದೋಣಿಯಲ್ಲಿ ಕುಳಿತು ನೋಡುವುದಷ್ಟೇ ಇಷ್ಟವೇ, ಅಥವಾ ಆ ದಿನ ದಡದಲ್ಲಿ ಬೇರೆ ಏನನ್ನಾದರೂ ಮಾಡುವುದು ಇಷ್ಟವೇ? ಮೂರು ಉತ್ತರಗಳೂ ಸಮಾನವಾಗಿ ಸ್ವೀಕಾರಾರ್ಹವೆಂದು ಅವರಿಗೆ ನಿಜವಾಗಿ ಅನ್ನಿಸುವಂತೆ ಕೇಳಬೇಕು. ಎರಡು ವಾರದ ಪ್ರವಾಸದಲ್ಲಿ ಗಾಳಕ್ಕೆ ಮೂರು ದಿನ ಸಾಕು, ಅವೂ ಒಂದರ ಹಿಂದೊಂದು ಬರಬಾರದು. ಮೊದಲ ದಿನ ಸೀವರ್ಡ್‌ನ ಕೊಲ್ಲಿಯಲ್ಲಿ ಅರ್ಧ ದಿನದ ದೋಣಿ ಇರಲಿ. ಇಷ್ಟವಾದರೆ ಎರಡು ದಿನ ಬಿಟ್ಟು ಪೂರ್ಣ ದಿನದ್ದು. ಕೊನೆಗೆ ಕೀನಾಯ್‌ನ ಹುಟ್ಟುದೋಣಿ. ನಡುವಿನ ದಿನಗಳಲ್ಲಿ ಕೀನಾಯ್ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದ ಹಡಗಿನಲ್ಲಿ ಹೋಗಿ, ಹಿಮನದಿಗಳು ಕಡಲಿಗೆ ಕಳಚಿ ಬೀಳುವುದನ್ನೂ ತಿಮಿಂಗಿಲಗಳನ್ನೂ ನೋಡಿ. ಆಂಕರೇಜ್‌ನಿಂದ ಸೀವರ್ಡ್‌ಗೆ ಸುಮಾರು 200 ಕಿಲೋಮೀಟರ್. ರಸ್ತೆಯೂ ಇದೆ, ಆದರೆ ಹೋಗುವಾಗ ರೈಲನ್ನೇ ಹಿಡಿಯಿರಿ. ಸಮುದ್ರದ ತೋಳನ್ನು ಸುತ್ತಿ, ಹಿಮನದಿಗಳ ಪಕ್ಕದಲ್ಲಿ ಹಾದು, ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಸಾಗುವ ಆ ದಾರಿಯೇ ಪ್ರವಾಸದ ಒಂದು ದಿನಕ್ಕೆ ಸಮ.

ದೋಣಿ ಗೊತ್ತುಮಾಡುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಅಲ್ಲಿನ ಸಣ್ಣ ದೋಣಿಗಳು ಹೆಚ್ಚಾಗಿ ಆರು ಜನರನ್ನು ಕರೆದೊಯ್ಯುತ್ತವೆ. ಉಳಿದ ನಾಲ್ವರು ಅಪರಿಚಿತರೇ, ಅಥವಾ ಹೆಚ್ಚಿಗೆ ತೆತ್ತರೆ ದೋಣಿ ನಿಮ್ಮಿಬ್ಬರಿಗೇ ಸಿಗುತ್ತದೆಯೇ? ದೋಣಿಯಲ್ಲಿ ಶೌಚಾಲಯವಿದೆಯೇ? ಮಳೆ ಬಂದರೆ ಒಳಗೆ ಕೂರಲು ಬೆಚ್ಚಗಿನ ಕೋಣೆ ಇದೆಯೇ? ಹುಟ್ಟುದೋಣಿಯಲ್ಲಿ ಶೌಚಾಲಯ ಇರುವುದಿಲ್ಲ, ದಡದಲ್ಲಿ ಎಲ್ಲಿ ನಿಲ್ಲಿಸುತ್ತಾರೆಂದು ಮೊದಲೇ ತಿಳಿದಿರುವುದು ಒಳ್ಳೆಯದು. ಹವಾಮಾನ ಕೆಟ್ಟು ದೋಣಿ ಹೊರಡದಿದ್ದರೆ ಹಣ ಮರಳುತ್ತದೆಯೇ, ಬೇರೆ ದಿನ ಕೊಡುತ್ತಾರೆಯೇ? ರಾಡ್, ರೀಲ್, ಎರೆ, ನೀರು ಒಳಬಿಡದ ಉದ್ದ ಕಾಲುಡುಗೆ, ಎಲ್ಲವನ್ನೂ ಅವರೇ ಕೊಡುವುದು ವಾಡಿಕೆ, ಇಲ್ಲಿಂದ ಹೊತ್ತೊಯ್ಯಬೇಡಿ. ನಾಯಕರಿಗೂ ಅವರ ಕೈಯಾಳಿಗೂ ದಿನದ ಕೊನೆಯಲ್ಲಿ ಭಕ್ಷೀಸು ಕೊಡುವ ಪದ್ಧತಿಯಿದೆ, ಬಾಡಿಗೆಯ ಶೇಕಡಾ 15ರಿಂದ 20ರಷ್ಟನ್ನು ಬೇರೆಯಾಗಿ ತೆಗೆದಿಡಿ. ಹದಿನಾರು ವರ್ಷ ದಾಟಿದ ಹೊರರಾಜ್ಯದ ಪ್ರತಿಯೊಬ್ಬರೂ ಗಾಳ ಹಾಕಲು ಪರವಾನಗಿ ಪಡೆಯಬೇಕು. ಇಲಾಖೆಯ ಜಾಲತಾಣದಲ್ಲಿ ಸುಲಭವಾಗಿ ಸಿಗುತ್ತದೆ, ಇಬ್ಬರಿಗೂ ಬೇರೆ ಬೇರೆಯಾಗಿ ಕೊಳ್ಳಿ. ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದೆಂಬ ಮಿತಿ ನದಿಗೊಂದು, ತಿಂಗಳಿಗೊಂದು ಇರುತ್ತದೆ, ಇಲಾಖೆ ಅದನ್ನು ನಡುವೆಯೇ ಬದಲಿಸಲೂಬಹುದು. ಆದ್ದರಿಂದ ಗಾಳ ಹಾಕುವ ದಿನದ ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಳ್ಳಬೇಕು.

ಮಳೆ ನಮಗೆ ಹೊಸದಲ್ಲ, ಚಳಿ ಮಳೆ ಹೊಸದು. ಆಗಸ್ಟ್‌ನಲ್ಲಿ ಸೀವರ್ಡ್‌ನ ಹಗಲು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ದೋಣಿ ಓಡುವಾಗಿನ ಗಾಳಿಗೆ ಇನ್ನೂ ತಣ್ಣಗೆನಿಸುತ್ತದೆ. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ಚಳಿಯನ್ನು ಹೆಚ್ಚಿಸುವುದರಿಂದ ಒಳಗೆ ಉಣ್ಣೆಯದನ್ನು ಧರಿಸಿ, ಹೊರಗೆ ನೀರು ಹೊಗದ ಜಾಕೆಟ್ಟು ಮತ್ತು ಪ್ಯಾಂಟು ಇರಲಿ. ಕಡಲು ಹಿಡಿದು ವಾಂತಿ ಬರುವ ಸ್ವಭಾವ ಇಬ್ಬರಲ್ಲಿ ಯಾರಿಗಾದರೂ ಇದ್ದರೆ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಅಂತಹ ಮಾತ್ರೆಯನ್ನು ದೋಣಿ ಹತ್ತುವ ಮುಂಚೆ ತೆಗೆದುಕೊಂಡರಷ್ಟೇ ಫಲ. ಗಾಳ ಬೀಸುವಾಗ ಇಬ್ಬರ ಕಣ್ಣಿಗೂ ಕನ್ನಡಕ ಕಡ್ಡಾಯ. ನದಿಯ ದಡದಲ್ಲಿ ಕರಡಿಗಳು ಬರುತ್ತವೆ, ಸಾಲ್ಮನ್ ಅವುಗಳ ಆಹಾರ. ಕರಡಿ ಕಂಡರೆ ಓಡದೆ, ಮಾರ್ಗದರ್ಶಕರು ಹೇಳಿದಂತೆ ನಿಧಾನವಾಗಿ ಹಿಂದೆ ಸರಿದು ಜಾಗ ಬಿಟ್ಟುಕೊಡಬೇಕು. ಒಂದು ಛಾಯಾಚಿತ್ರಕ್ಕಾಗಿ ಅವುಗಳ ಹತ್ತಿರ ಹೋಗಲೇಬಾರದು.

ಮದುವೆಗೆ ಮುಂಚೆ ಮೇ ತಿಂಗಳ ಒಂದೆರಡು ಸಂಜೆ, ಎರಡೂ ಮನೆಯವರಿಗೆ ಒಪ್ಪಿಗೆಯಿದ್ದರೆ, ನಿಮ್ಮ ಕೈಹಿಡಿಯುವವರಿಗೆ ಹಗುರವಾದ ರಾಡ್ ಕೊಟ್ಟು ಬೀಸುವುದನ್ನು ಕಲಿಸಬಹುದು. ಅದಕ್ಕೆ ಗಾಳದ ಅಗತ್ಯವೇ ಇಲ್ಲ, ದಾರದ ತುದಿಗೆ ಸಣ್ಣ ಭಾರ ಕಟ್ಟಿದರೆ ಸಾಕು. ಮಳೆಗಾಲ ಹಿಡಿದ ಮೇಲೆ ಅಳಿವೆಯ ಬಂಡೆಗಳ ಮೇಲೆ ಈ ಅಭ್ಯಾಸ ಖಂಡಿತ ಬೇಡ.

ಸ್ಕಾಟ್ಲೆಂಡಿನ ಬಗ್ಗೆ ಕೇಳಿದ್ದೀರಿ. ಟೇ, ಟ್ವೀಡ್, ಸ್ಪೇ, ಡೀ ನದಿಗಳ ಹೆಸರು ಗಾಳಗಾರರಿಗೆ ತೀರ್ಥಗಳ ಹೆಸರಿದ್ದಂತೆ. ಬ್ರಿಟನ್ನಿನಲ್ಲಿ ರಾಡ್‌ನಿಂದ ಹಿಡಿದ ಅತಿ ದೊಡ್ಡ ಸಾಲ್ಮನ್‌ನ ದಾಖಲೆ ಇಂದಿಗೂ ಒಬ್ಬ ಮಹಿಳೆಯದು: ಜಾರ್ಜಿನಾ ಬ್ಯಾಲಂಟೈನ್ 1922ರ ಅಕ್ಟೋಬರ್ 7ರಂದು ಟೇ ನದಿಯಲ್ಲಿ ಹಿಡಿದ ಮೀನು 64 ಪೌಂಡ್, ಸುಮಾರು 29 ಕಿಲೋ ತೂಗಿತ್ತು. ಇದನ್ನು ನಿಮ್ಮ ಕೈಹಿಡಿಯುವವರಿಗೆ ತಪ್ಪದೆ ಹೇಳಿ. ಆದರೆ ಅಲ್ಲಿನ ಅಟ್ಲಾಂಟಿಕ್ ಸಾಲ್ಮನ್ ಇಂದು ಸಂಕಷ್ಟದಲ್ಲಿದೆ. 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಈ ಮೀನನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅಲ್ಲಿ ನದಿಯ ಒಂದೊಂದು ಭಾಗಕ್ಕೂ ಒಡೆಯರಿದ್ದು ಅವರ ಅನುಮತಿ ಕೊಳ್ಳಬೇಕು, ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ, ಹಿಡಿದ ಬಹುಪಾಲು ಮೀನನ್ನು ಮರಳಿ ನೀರಿಗೆ ಬಿಡಬೇಕು. ಅನುಭವಿಗಳೂ ಒಂದು ವಾರ ನಿಂತು ಒಂದು ಮೀನನ್ನೂ ಮುಟ್ಟದೆ ಹಿಂದಿರುಗುವುದು ಸಾಮಾನ್ಯ. ಕೋಟೆಗಳು, ಬೆಟ್ಟಗಳು, ಹಳೆಯ ಊರುಗಳೇ ನಿಮ್ಮ ಕೈಹಿಡಿಯುವವರಿಗೆ ಹೆಚ್ಚು ಪ್ರಿಯವೆಂದಾದರೆ ಸ್ಕಾಟ್ಲೆಂಡಿಗೆ ಹೋಗಿ, ಒಂದೇ ಒಂದು ದಿನ ನುರಿತವರ ಜೊತೆ ನದಿಯಲ್ಲಿ ಕಳೆಯಿರಿ. ಮೀನು ಸಿಗಲೇಬೇಕೆಂಬ ಹಟದಿಂದ ಹೋಗಬೇಡಿ. ನಾರ್ವೆಯಲ್ಲಿ 2024ರ ಜೂನ್‌ನಲ್ಲಿ ಋತುವಿನ ನಡುವೆಯೇ 33 ನದಿಗಳನ್ನು ಮುಚ್ಚಿದ್ದರು, ಐಸ್‌ಲ್ಯಾಂಡ್ ವಿಪರೀತ ದುಬಾರಿ. ಮಧುಚಂದ್ರಕ್ಕೆ ಅವೆರಡನ್ನೂ ನಾನು ಪರಿಗಣಿಸುವುದಿಲ್ಲ.

ಹಿಡಿದ ಮೀನನ್ನು ಊರಿಗೆ ತರುವ ಯೋಚನೆಯನ್ನು ಬಿಟ್ಟುಬಿಡಿ. ಸಿಯಾಟಲ್ ಮೂಲಕ ದುಬೈಗೋ ದೆಹಲಿಗೋ ಬಂದು ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ತಲುಪುವಷ್ಟರಲ್ಲಿ ಒಂದೂವರೆ ದಿನವಾದರೂ ಕಳೆದಿರುತ್ತದೆ, ಮಂಜುಗಡ್ಡೆ ಅಷ್ಟು ಹೊತ್ತು ಉಳಿಯುವುದಿಲ್ಲ. ಅದರ ಬದಲು ಅಡುಗೆಮನೆಯಿರುವ ವಸತಿಯನ್ನು ಬಾಡಿಗೆಗೆ ಹಿಡಿದು, ಅಲ್ಲೇ ಉಣ್ಣುವಷ್ಟು ಮೀನನ್ನು ಮಾತ್ರ ಇಟ್ಟುಕೊಳ್ಳಿ. ಮನೆಯಿಂದ ಮೀನಿನ ಮಸಾಲೆ ಹುಡಿಯನ್ನು ಗಟ್ಟಿಯಾಗಿ ಮುಚ್ಚಿದ ಪೊಟ್ಟಣದಲ್ಲಿ ಒಯ್ದು, ಕಸ್ಟಮ್ಸ್‌ನಲ್ಲಿ ಕೇಳುವ ಮುನ್ನವೇ ಘೋಷಿಸಿ. ಸಾಲ್ಮನ್‌ನಲ್ಲಿ ಅಂಜಲ್‌ಗಿಂತ ಎಣ್ಣೆಯ ಅಂಶ ಹೆಚ್ಚು, ಆದ್ದರಿಂದ ಕಾವಲಿಗೆ ಎಣ್ಣೆ ಕಡಿಮೆ ಹಾಕಿ, ಚರ್ಮದ ಬದಿಯನ್ನು ಮೊದಲು ಕೆಳಗಿಟ್ಟು, ಮಾಂಸ ಪದರಪದರವಾಗಿ ಬಿಡಿಸಿಕೊಳ್ಳುವ ಹೊತ್ತಿಗೆ ಇಳಿಸಬೇಕು. ಅಂಜಲ್ ಹುರಿದಷ್ಟು ಹೊತ್ತು ಹುರಿದರೆ ಒಣಗುತ್ತದೆ. ಆಗಷ್ಟೇ ಹಿಡಿದ ಮೀನನ್ನು ಹಸಿಯಾಗಿ ತಿನ್ನುವ ಆಸೆ ಬೇಡ. ಕಡಲ ಸಾಲ್ಮನ್‌ನಲ್ಲಿ ಪರೋಪಜೀವಿ ಹುಳುಗಳಿರುತ್ತವೆ. ಅವು ಸಾಯಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು, ಇಲ್ಲವೇ ಚೆನ್ನಾಗಿ ಬೇಯಿಸಬೇಕು.

ಈ ಎಲ್ಲಕ್ಕೂ ಮೊದಲಿನ ಕೆಲಸ ವೀಸಾ. ಅಮೆರಿಕದ ಪ್ರವಾಸಿ ವೀಸಾ ಸಂದರ್ಶನಕ್ಕೆ ಭಾರತದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿ ಬರುವುದುಂಟು, ಹಾಗಾಗಿ ಚೆನ್ನೈ ಮತ್ತು ಹೈದರಾಬಾದಿನ ದಿನಾಂಕಗಳನ್ನು ಈ ವಾರವೇ ನೋಡಿ. ಮದುವೆಯ ನಂತರ ಹೆಸರು ಬದಲಿಸುವ ಯೋಚನೆ ನಿಮ್ಮ ಕೈಹಿಡಿಯುವವರಿಗಿದ್ದರೆ ಅದನ್ನು ಪ್ರವಾಸ ಮುಗಿದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರರಲ್ಲೂ ಹೆಸರು ಒಂದೇ ಇರಬೇಕು. ವೀಸಾ ಕೈಸೇರುವವರೆಗೆ ಹಣ ಮರಳದ ಯಾವ ಟಿಕೆಟ್ಟನ್ನೂ ದೋಣಿಯನ್ನೂ ಕಾಯ್ದಿರಿಸಬೇಡಿ. ಆಂಕರೇಜ್ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ತಲುಪಿದ ಮೊದಲ ಎರಡು ದಿನ ವಿಶ್ರಾಂತಿಗೆ ಬಿಡಿ. ಒಂದು ವೇಳೆ ವೀಸಾ ಸಕಾಲದಲ್ಲಿ ಸಿಗದಿದ್ದರೆ, ನಿಮ್ಮ ಮೂಲ ದಿನಾಂಕವಾದ ಮೇ ಕೊನೆಯ ವಾರಕ್ಕೇ ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಒಳ್ಳೆಯ ಅವಕಾಶವಿದೆ. ಅಲ್ಲಿನ ಬ್ರೌನ್ ಟ್ರೌಟ್ ಮೀನು ಅಟ್ಲಾಂಟಿಕ್ ಸಾಲ್ಮನ್‌ನ ಕುಲದ್ದೇ. ರಾಜ್ಯದ ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಸಿಗುತ್ತದೆ. ಮುಂಗಾರು ಅಲ್ಲಿಗೆ ತಲುಪಿ ಹೊಳೆ ಕದಡುವುದಕ್ಕೆ ಮೊದಲು, ಅಂದರೆ ಜೂನ್ ಮಧ್ಯದೊಳಗೆ ಹೋಗಿಬನ್ನಿ.